ಪಟ್ಟಿಯಲ್ಲಿಲ್ಲದ ತಲೆ

ಬೆಳಿಗ್ಗೆ ಎಂಟಕ್ಕೆ ಡಾಕ್ಟರ್ ಲೆವ್ ಬೀರು ತೆರೆದ. ಹಳೆಯ ರಿಜಿಸ್ಟರ್ ಇತ್ತು. ಒಂದು ಹಾಳೆ ಇರಲಿಲ್ಲ.

ಬೀಗ ಮುರಿದಿರಲಿಲ್ಲ. ಔಷಧಿಗಳು ಇದ್ದ ಹಾಗೇ ಇದ್ದವು. ನೆಗೆವ್ ಮರುಭೂಮಿಯ ಆ ಪುಟ್ಟ ಊರಿನ ಕ್ಲಿನಿಕ್ಕಿಗೆ ಬಂದ ಸಾರ್ಜೆಂಟ್ ದಾಹನನಿಗೆ ನಗು ಬಂತು. ಒಂದು ಹಾಳೆಗೆ ಪೊಲೀಸರೇ?

“ಅಂಥಾದ್ದೇನಿತ್ತು ಡಾಕ್ಟ್ರೇ ಅದರಲ್ಲಿ?”

“ಐವತ್ತೆರಡನೇ ಇಸವಿಯ ಹೆಸರುಗಳು. ಮೊರಾಕ್ಕೊದಿಂದ ಬಂದ ಮಕ್ಕಳಿಗೆ ತಲೇಲಿ ಹುಳುಕಡ್ಡಿ ಅಂತ ಎಕ್ಸ್‌ರೇ ಕೊಟ್ಟಿದ್ರಲ್ಲ, ಆ ಪಟ್ಟಿ.”

ದಾಹನನ ನಗು ಆರಿತು. ಅವನ ದೊಡ್ಡಣ್ಣನೂ ಆ ಮಕ್ಕಳಲ್ಲೊಬ್ಬ. ಈಗ ಅಣ್ಣ ಇಲ್ಲ.

“ಯಾರಿಗೆ ಬೇಕಿತ್ತು?”

“ಝೊಹ್ರಾಗೆ. ಕತ್ತಲ್ಲಿ ಗಂಟಿದೆ, ಥೈರಾಯ್ಡಿನಲ್ಲಿ. ಚಿಕ್ಕಂದಿನಲ್ಲಿ ತಲೆಗೆ ವಿಕಿರಣ ಬಿದ್ದಿದ್ರೆ, ನಲವತ್ತು ವರ್ಷ ಆದ್ಮೇಲೂ ಅಲ್ಲಿ ಕ್ಯಾನ್ಸರ್ ಏಳಬಹುದು. ಹಾಗಿದ್ರೆ ಈ ವಾರವೇ ಆಪರೇಷನ್. ಇಲ್ದಿದ್ರೆ ಆರು ತಿಂಗಳು ಕಾದು ನೋಡೋಣ ಅಂದೆ. ಐವತ್ತೆರಡರಲ್ಲಿ ಅವರಿಗೆ ಆರು ವರ್ಷ, ಏನೂ ನೆನಪಿಲ್ಲ. ಜೊತೆಗೆ ಬಂದಿದ್ದ ಅಕ್ಕ ಫ್ರೇಹಾ, ನಮ್ಮನೇಲಿ ಯಾರಿಗೂ ಕೊಟ್ಟಿಲ್ಲ ಅಂದ್ರು. ಆದ್ರೂ ಪಟ್ಟಿ ನೋಡ್ತೀನಿ ಅಂದಿದ್ದೆ.”

“ಬೀಗದ ಕೈ?”

“ನನ್ನ ಹತ್ರ ಒಂದು. ಇಲ್ಲಿ ನೆಲ ಒರೆಸೋದು ಫ್ರೇಹಾನೇ, ಅವರ ಹತ್ರ ಒಂದು. ಮೊದಲು ನರ್ಸ್ ಆಗಿದ್ದ ಟ್ರೂಡಾ ಹತ್ರ ಒಂದು.”

ಹೊರಗೆ ಫ್ರೇಹಾ ನೆಲ ಒರೆಸುತ್ತಿದ್ದಳು. ಐವತ್ತು ದಾಟಿದ್ದರೂ ತಲೆಬಟ್ಟೆಯ ಕೆಳಗೆ ಮುಂಗೈ ದಪ್ಪದ ಜಡೆ. ದಾಹನ ಅವಳನ್ನು ದಾಟಿಕೊಂಡು ನೆಟ್ಟಗೆ ಟ್ರೂಡಾ ಮನೆಗೆ ನಡೆದ. ಆ ಮಕ್ಕಳನ್ನು ಎಕ್ಸ್‌ರೇಗೆಂದು ಲಾರಿ ಹತ್ತಿಸಿದವಳು ಅವಳೇ. ಕಳ್ಳಿ ಅವಳೇ ಆಗಿರಲಿ ಎಂದು ಅವನಿಗೆ ಆಸೆಯಿತ್ತು.

*

“ಬೈಯೋಕೆ ಬಂದ್ಯಾ? ಬಾ, ಸಾಲಲ್ಲಿ ನಿಂತ್ಕೋ,” ಎಂದಳು ಮುದುಕಿ.

“ಹಾಳೆ ಎಲ್ಲಿ ಸಿಸ್ಟರ್?”

ಅವಳು ಪೆಟ್ಟಿಗೆಯಿಂದ ಮಾಸಿದ ಕಾಗದ ತೆಗೆದಳು. “ಕಾರ್ಬನ್ ಇಟ್ಟು ಬರೆದಿದ್ದೆ. ಮುಚ್ಚಿಡೋಳಾಗಿದ್ರೆ ಇದನ್ಯಾಕೆ ಇಟ್ಕೋತಿದ್ದೆ? ಒಳ್ಳೇದು ಮಾಡ್ತಿದೀವಿ ಅಂದ್ಕೊಂಡೇ ಮಾಡಿದ್ವಪ್ಪ.”

“ಅದನ್ನ ನಮ್ಮಣ್ಣನ ಗೋರಿ ಮುಂದೆ ನಿಂತು ಹೇಳಿ.”

ಮುದುಕಿ ಕಾಗದವನ್ನು ಅವನ ಕೈಗಿತ್ತಳು. ದಾಹನ ಪಟ್ಟಿ ಓದಿದ. ಝೊಹ್ರಾಳ ಹೆಸರಿಲ್ಲ. ಆದರೆ ಫ್ರೇಹಾ, ವಯಸ್ಸು ಎಂಟು.

“ಮಕ್ಕಳ ಗುರುತು ಹೇಗೆ ಹಿಡೀತಿದ್ರಿ?”

“ಎಲ್ಲಾ ಬಡಕಲು, ಎಲ್ಲಾ ಬೋಳಿಸಿದ ತಲೆ. ಕೊರಳಲ್ಲಿ ಕಟ್ಟಿದ ಚೀಟಿ ನೋಡಿ ಹತ್ತಿಸ್ತಿದ್ವಿ.”

“ಆಮೇಲೆ ಕೂದಲು ಬರ್ತಿತ್ತಾ?”

“ಆ ಸಲದ ಲಾರೀಲಿ ಹೋದೋರಿಗೆ ವಿಕಿರಣ ಜಾಸ್ತಿ ಬಿತ್ತು. ಅವರಲ್ಲಿ ಯಾರಿಗೂ ಸರಿಯಾಗಿ ಬರ್ಲೇ ಇಲ್ಲ.”

*

ಅಕ್ಕತಂಗಿಯರ ಮನೆಯಲ್ಲಿ ಝೊಹ್ರಾ ಪುದೀನ ಚಹಾ ಬಗ್ಗಿಸುತ್ತಿದ್ದಳು. ತಲೆಬಟ್ಟೆ ಹುಬ್ಬಿನವರೆಗೆ ಇಳಿದಿತ್ತು. ಫ್ರೇಹಾ ಕೆಲಸ ಮುಗಿಸಿ ಬಂದಿದ್ದಳು. ದಾಹನ ಕುಳಿತು ಪಟ್ಟಿಯನ್ನು ಮೇಜಿನ ಮೇಲಿಟ್ಟ.

“ಫ್ರೇಹಾ, ಇಲ್ಲಿ ನಿಮ್ಮ ಹೆಸರಿದೆ. ಡಾಕ್ಟ್ರ ಹತ್ರ ಯಾರಿಗೂ ಕೊಟ್ಟಿಲ್ಲ ಅಂದ್ರಿ. ಈ ಲಾರೀಲಿ ಹೋದೋರಿಗೆ ಇಂಥಾ ಜಡೆ ಬರಲ್ಲ. ಹೆಸರು ನಿಮ್ಮದು, ಹೋದ ತಲೆ ಬೇರೆಯವರದ್ದು. ಹಾಳೆ ಸಿಕ್ಕಿದ್ರೆ ಡಾಕ್ಟ್ರು ನಿಮ್ಮನ್ನೇ ಮೊದಲು ಪರೀಕ್ಷೆಗೆ ಕರೀತಿದ್ರು. ಜಡೆ ಕಂಡು ಗುಟ್ಟು ಬಯಲಾಗ್ತಿತ್ತು. ಅದಕ್ಕೇ ಹರಿದ್ರಿ.” ಅವನು ಝೊಹ್ರಾಳತ್ತ ತಿರುಗಿದ. “ನಿಮ್ಮ ಕೂದಲು ಹೇಗೆ ಹೋಯ್ತು ಅಕ್ಕಾ?”

“ಹಡಗಲ್ಲಿ ಜ್ವರ ಬಂದು ಹೋಯ್ತಂತೆ. ಅಕ್ಕ ಹೇಳಿದ್ಲು.”

ಹೇಳಿದವಳೇ ಅವಳು ಅಕ್ಕನ ಮುಖ ನೋಡಿದಳು. ನೋಡುತ್ತಲೇ ತಲೆಬಟ್ಟೆ ಬಿಚ್ಚಿದಳು. ಗಂಡ ಸತ್ತ ಮೇಲೆ ಯಾರೂ ಕಾಣದ ತಲೆ. ಅಲ್ಲಲ್ಲಿ ನಾಲ್ಕು ಎಳೆ, ಉಳಿದಂತೆ ಹೊಳೆಯುವ ಚರ್ಮ.  ದಾಹನನ ಅಣ್ಣನ ತಲೆಯೂ ಹೀಗೇ ಇತ್ತು.

“ಹಿಂದಿನ ಲಾರೀಲಿ ಹೋದೋರು ವಾಂತಿ ಮಾಡ್ಕೋತಿದ್ರು,” ಎಂದಳು ಫ್ರೇಹಾ. “ಹೆದರಿಕೆ ಆಯ್ತು. ನನ್ನ ಚೀಟಿ ಬಿಚ್ಚಿ ನಿನ್ನ ಕೊರಳಿಗೆ ಹಾಕ್ದೆ. ಎಂಟು ವರ್ಷದವಳು ಕಣೇ ನಾನು!”

“ಎಂಟು ವರ್ಷದವಳನ್ನ ಕ್ಷಮಿಸ್ತೀನಕ್ಕ,” ಎಂದಳು ಝೊಹ್ರಾ. “ನಿನ್ನೆ ಹಾಳೆ ಹರಿದೋಳಿಗೆ ಐವತ್ತೊಂದು.”

 ದಾಹನ ಎದ್ದ.

“ಡಾಕ್ಟ್ರಿಗೆ ನಾನೇ ಹೇಳ್ತೀನಿ, ಆಪರೇಷನ್ ಈ ವಾರವೇ ಆಗ್ಲಿ. ಒಂದು ಹಾಳೆಗೆ ಕೇಸು ಬೇಡ. ಮನೆ ಮಾತು ಮನೇಲೇ ಇರ್ಲಿ.”

“ಬೇಡ ತಮ್ಮಾ, ಕೇಸು ಬರಿ.” ಝೊಹ್ರಾ ತಲೆ ಮುಚ್ಚಿಕೊಂಡಿರಲಿಲ್ಲ. “ಅವರ ಪಟ್ಟೀಲಿ ನಾನಿಲ್ಲ. ನಿನ್ನ ಪುಸ್ತಕದಲ್ಲಾದ್ರೂ ನನ್ನ ಹೆಸರಿರ್ಲಿ.”

ದಾಹನ ಮತ್ತೆ ಕುಳಿತ. ಪೆನ್ನು ತೆಗೆದು, ಅವಳ ಪೂರ್ತಿ ಹೆಸರು ಕೇಳಿದ.