ಕೇಳಲಾಗದ ಹಾಡು

"ನನ್ನ ಹಾಡನ್ನ ಅರ್ಧಕ್ಕೇ ಯಾಕ್ರೀ ನಿಲ್ಲಿಸಿದ್ರಿ?"

ರೇಡಿಯೋ ಸ್ಟೇಷನ್ನಿನ ಬಾಗಿಲು ದಢಾರನೆ ತೆರೆದಿತ್ತು. ಹೊಸ್ತಿಲಲ್ಲಿ ಒಡೆಸಾ ಕ್ರೆನ್ಷಾ! ಬಾಡಿಗೆ ಕೋಣೆಯಿಂದ ಓಡಿಯೇ ಬಂದಿದ್ದಳು. ಏದುಸಿರು, ಕೆಂಪಾದ ಕಣ್ಣು... ಕೋಟಿನ ಗುಂಡಿ ಹಾಕಿಕೊಳ್ಳುವಷ್ಟೂ ವ್ಯವಧಾನವಿರಲಿಲ್ಲ ಅವಳಿಗೆ.

ಒಳಗೆ ಕೂತಿದ್ದವನು ಲೂಷಿಯಸ್ ಟಾರ್ಪ್ಲಿ. ಡೇಟನ್ ಊರಿನ ವೆಸ್ಟ್ ಸೈಡ್‌ನಲ್ಲಿ ಮಧ್ಯಾಹ್ನದ ಹೊತ್ತು ಅವನ ದನಿ ಕೇಳದ ಕಪ್ಪು ಜನರ ಮನೆಯೇ ಇರಲಿಲ್ಲ. ಅವನು ಮೆಚ್ಚಿದ ಹಾಡು ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತಿತ್ತು. ಅವನು ಕೈಬಿಟ್ಟ ಹಾಡು ಸತ್ತಂತೆಯೇ.

ಆ ದನಿಯನ್ನು ಒಡೆಸಾ ಎಷ್ಟು ವರ್ಷಗಳಿಂದ ಕೇಳಿದ್ದಳು! ಪಾತ್ರೆ ತೊಳೆಯುತ್ತಾ, ತಲೆ ಬಾಚುತ್ತಾ... ಒಂದು ದಿನ ಇವನ ಬಾಯಲ್ಲಿ ನನ್ನ ಹೆಸರು ಬರಬೇಕು ಎಂದು ಕನಸು ಕಂಡಿದ್ದಳು. ಇವತ್ತು ಬಂದಿತ್ತು. ಅವಳ ತಂಡದ ಮೊದಲ ಆಲ್ಬಮ್ 'ಹಾಕಿಟ್ಟ ತಟ್ಟೆ'ಯ ಕೊನೆಯ ಹಾಡನ್ನು ಅವನು ಹಾಕಿದ್ದ. ಅವಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಂತೆ ಹಾಡು ತಟ್ಟನೆ ನಿಂತುಹೋಗಿತ್ತು. ಆಮೇಲೆ ಮೌನ. ಆಮೇಲೆ ಸೋಪಿನ ಜಾಹೀರಾತು!

"ಹೇಳಿ! ಯಾಕೆ?"

ಅವನು ತಲೆ ಎತ್ತಲಿಲ್ಲ. "ಆಗ್ಲಿಲ್ಲ."

"ಏನಾಗ್ಲಿಲ್ಲ?"

"ಕೇಳೋಕೆ ಆಗ್ಲಿಲ್ಲ, ಮಿಸ್ ಕ್ರೆನ್ಷಾ."

ಒಡೆಸಾಗೆ ಕಪಾಳಕ್ಕೆ ಹೊಡೆದಂತಾಯಿತು. ಯುದ್ಧಕ್ಕೆ ಹೋಗಿ ವಿಯೆಟ್ನಾಮಿನ ಮಣ್ಣಲ್ಲೇ ಉಳಿದುಹೋದ ತಮ್ಮ ಕ್ಲೀವನ್‌ಗಾಗಿ ಅವಳು ಬರೆದ ಹಾಡು ಅದು. ಅವನು ಬರುತ್ತಾನೆಂದು ಅಮ್ಮ ದಿನವೂ ಮೇಜಿನ ಮೇಲೆ ಇಡುತ್ತಿದ್ದ ತಟ್ಟೆಯ ಹಾಡು. ಅದು ಇವನಿಗೆ ಕೇಳೋಕೂ ಆಗಲಿಲ್ಲವಂತೆ!

"ಹಾಗಾದ್ರೆ ಕಿವಿ ಮುಚ್ಕೊಂಡೇ ಇರಿ!" ಎಂದವಳೇ ಹೊರಗೆ ನಡೆದಳು. ಹಿಂದಿನಿಂದ ಅವನು ಏನೋ ಹೇಳಲು ಬಾಯಿ ತೆರೆದದ್ದು ಅವಳಿಗೆ ಕಾಣಲಿಲ್ಲ.

ಅಲ್ಲಿಂದ ಎಲ್ಲವೂ ಕುಸಿಯತೊಡಗಿತು.

"ಟಾರ್ಪ್ಲಿಗೇ ಹಿಡಿಸ್ಲಿಲ್ಲ ಅಂದ್ಮೇಲೆ ನಾವ್ಯಾಕೆ ಹಾಕ್ಬೇಕು?" ಎಂದವು ಬೇರೆ ಸ್ಟೇಷನ್ನುಗಳು. 'ರೆಕಾರ್ಡಿನ ಮೊದಲ ಮಗ್ಗುಲಲ್ಲಿ ಕುಣಿಸುತ್ತಾರೆ, ಎರಡನೆಯದರಲ್ಲಿ ಅಳಿಸುತ್ತಾರೆ, ಇವರಿಗೇ ಏನು ಬೇಕೋ ಗೊತ್ತಿಲ್ಲ' ಎಂದು ಪತ್ರಿಕೆಯೊಂದು ಗೇಲಿ ಮಾಡಿತು. ಅಂಗಡಿಗಳಿಂದ ರೆಕಾರ್ಡುಗಳು ಪೆಟ್ಟಿಗೆಗಟ್ಟಲೆ ವಾಪಸ್ ಬಂದವು.

ಬೇಸ್ ಗಿಟಾರ್ ಬಾರಿಸುತ್ತಿದ್ದ ಹಾರ್ಲನ್ ಕಾರ್ಖಾನೆ ಕೆಲಸಕ್ಕೆ ಸೇರಿಕೊಂಡ. "ಬಿಟ್ಬಿಡು ಒಡೆಸಾ," ಎಂದ. "ನಮ್ಮ ಹಣೇಲಿ ಬರ್ದಿಲ್ಲ."

ಬಿಟ್ಟು ಎಲ್ಲಿಗೆ ಹೋಗುವುದು? ಅಪ್ಪ ಚರ್ಚಿನ ಪಾದ್ರಿ. ದೇವರ ಹಾಡು ಬಿಟ್ಟು ಕುಣಿತದ ಹಾಡಿಗೆ ಹೋದವಳು ಎಂದು ಮನೆ ಬಾಗಿಲು ಮುಚ್ಚಿದ್ದರು. "ಸತ್ತ ನನ್ನ ಮಗನ್ನ ಡ್ರಮ್ ಬಡಿದು ಮಾರ್ತೀಯಾ?" ಎಂದು ಕೇಳಿದ್ದರು. ಆ ಮಾತು ಈಗ ಎದೆಯೊಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅಪ್ಪ ಹೇಳಿದ್ದೇ ನಿಜವೇನೋ... ಕ್ಲೀವನ್, ನಿನ್ನನ್ನ ಬೀದಿಗೆ ತಂದುಬಿಟ್ಟೆನಾ?

ಬಾಡಿಗೆ ಕೋಣೆಯ ರೇಡಿಯೋವನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಹಿಡಿದಳು. ಹಬೆಯ ನಡುವೆ ಹಾಸಿಗೆ ಬಟ್ಟೆ ಮಡಿಸುತ್ತಾ ಒಮ್ಮೆ ಗುನುಗಲು ಹೋದಳು. ಗಂಟಲಿಂದ ದನಿಯೇ ಏಳಲಿಲ್ಲ! ಹೆದರಿ ಇನ್ನೊಮ್ಮೆ ಯತ್ನಿಸಿದಳು. ಇಲ್ಲ...

ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ನಿರ್ಧರಿಸಿಯಾಗಿತ್ತು. ಕ್ಲೀವ್‌ಲ್ಯಾಂಡಿನ ಚಿಕ್ಕಮ್ಮನ ಮನೆಗೆ ಹೋಗುವುದು. ಇನ್ನೆಂದೂ ಈ ಊರಿಗೆ ಬರಬಾರದು. ಹಾಡಲೂಬಾರದು.

ಹೊರಡುವ ಶನಿವಾರ ಬೆಳಿಗ್ಗೆ ಕೂದಲು ತಿದ್ದಿಸಿಕೊಳ್ಳಲು ಮಿಸ್ ಅರ್ನೆಸ್ಟೀನ್ ಅವರ ಬ್ಯೂಟಿ ಪಾರ್ಲರಿಗೆ ಹೋದಳು. ಕೈಯಲ್ಲಿ ಚೀಲ.

ಬಾಗಿಲಲ್ಲೇ ನಿಂತುಬಿಟ್ಟಳು.

ಒಳಗೆ ಹಾರ್ಲನ್‌ನ ಬೇಸ್ ಗುಡುಗುತ್ತಿತ್ತು! ಸಾಲಾಗಿ ಕೂತ ಹೆಂಗಸರ ಪಾದಗಳು ತಾಳ ಹಾಕುತ್ತಿದ್ದವು. ಅದರ ಮೇಲೆ, ಅವಳದೇ ದನಿ...

"ಏನೇ ಹುಡುಗಿ, ದೆವ್ವ ಕಂಡವರ ಹಾಗೆ ನಿಂತಿದ್ದೀಯ? ಬಾ ಒಳಗೆ!" ಮಿಸ್ ಅರ್ನೆಸ್ಟೀನ್ ಬಾಚಣಿಗೆ ಆಡಿಸುತ್ತಾ ಕರೆದರು.

"ಈ ರೆಕಾರ್ಡ್... ಎಲ್ಲಿಂದ ಬಂತು?"

"ಇನ್ನೆಲ್ಲಿಂದ? ಆ ರೇಡಿಯೋ ಹುಡುಗ ಟಾರ್ಪ್ಲಿ ತಂದ್ಕೊಟ್ಟ. ಕ್ಷೌರದಂಗಡಿಗೆ, ಮೀನು ಹುರಿಯೋ ಅಂಗಡಿಗೆ, ಎಲ್ಲಾ ಕಡೆ ಹಂಚಿದಾನೆ. ಪಾಪ, ಇದಕ್ಕೋಸ್ಕರ ಕೆಲ್ಸಾನೂ ಕಳ್ಕೊಂಡ."

"ಏನಂದ್ರಿ?"

"ಗೊತ್ತಿಲ್ವಾ ನಿಂಗೆ? ಒಂದಿನ ಎರಡೂ ಮಗ್ಗುಲು ಪೂರ್ತಿ ಹಾಕ್ಬಿಟ್ಟ. ಜಾಹೀರಾತು ಇಲ್ಲ, ಏನಿಲ್ಲ! ಮಾಲೀಕ ಅವತ್ತೇ ಆಚೆ ಹಾಕಿದ. ಈಗ ಮೂಲೆ ಅಂಗಡಿ ಹಿಂದೆ ಆಲೂಗಡ್ಡೆ ಮೂಟೆ ಇಳಿಸ್ತಾನೆ." ಮಿಸ್ ಅರ್ನೆಸ್ಟೀನ್ ದನಿ ತಗ್ಗಿಸಿದರು. "ನಿಮ್ಮಮ್ಮ ಬರ್ತಾರೆ ಕಣೇ. ಕೊನೇ ಹಾಡು ಹಾಕಿಸ್ತಾರೆ. ಕಣ್ಣು ತುಂಬಾ ಅಳ್ತಾರೆ. ಆಮೇಲೆ ಕರ್ಚೀಫು ಮಡ್ಚಿ, 'ನನ್ನ ಮಗಳು' ಅಂತಾರೆ. ಪಾದ್ರಿಗಳಿಗೆ ಹೇಳ್ಬೇಡಿ ಅಂತಾರೆ."

ಒಡೆಸಾ ಅಲ್ಲೇ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಕೇಳಿದಳು... ಅಮ್ಮ ಕೇಳಿದಳು!

ಆದರೆ ಅವನು? ಕೇಳೋಕೇ ಆಗಲಿಲ್ಲ ಎಂದವನು?

ಅಂಗಡಿಯ ಹಿಂದೆ ಲೂಷಿಯಸ್ ಹೆಗಲ ಮೇಲೆ ಮೂಟೆ ಹೊತ್ತು ನಿಂತಿದ್ದ. ಅವಳನ್ನು ಕಂಡವನೇ ಮೂಟೆ ಇಳಿಸುವುದನ್ನೂ ಮರೆತ.

"ಮೊದ್ಲು ಅದನ್ನ ಕೆಳಗಿಡಿ," ಎಂದಳು ಒಡೆಸಾ. "ಈಗ ಹೇಳಿ. ಇಷ್ಟವಾಗದ ಹಾಡಿಗೋಸ್ಕರ ಯಾರಾದ್ರೂ ಹೊಟ್ಟೆಪಾಡು ಕಳ್ಕೋತಾರಾ?"

"ಇಷ್ಟವಾಗ್ಲಿಲ್ಲ ಅಂತ ಯಾವಾಗ ಅಂದೆ?"

"ಕೇಳೋಕೆ ಆಗ್ಲಿಲ್ಲ ಅಂದ್ರಲ್ಲ!"

"ಹೌದು... ಆಗ್ಲಿಲ್ಲ." ಅವನು ಮೂಟೆಯ ಮೇಲೆ ಕುಸಿದು ಕೂತ. "ನಾನೂ ಯುದ್ಧಕ್ಕೆ ಹೋಗಿದ್ದೆ, ಒಡೆಸಾ. ವೆಂಡಲ್ ಅಂತ ಇದ್ದ, ನನ್ನ ಜೀವದ ಗೆಳೆಯ. ನನ್ನ ತೊಡೆ ಮೇಲೇ ಹೋದ. 'ಅಮ್ಮನ್ನ ನೋಡ್ಕೊಂಡು ಬಾ' ಅಂದಿದ್ದ. ಬದುಕಿ ಬಂದೆ. ಆದ್ರೆ ಆ ತಾಯಿ ಬಾಗಿಲು ತಟ್ಟೋ ಧೈರ್ಯ ಬರ್ಲಿಲ್ಲ. ಅವತ್ತು ನಿನ್ನ ಹಾಡಲ್ಲಿ ಆ ಅಮ್ಮ ತಟ್ಟೆ ಇಟ್ಟಾಗ... ರೆಕಾರ್ಡಿನ ಸೂಜಿ ಎತ್ತಿಬಿಟ್ಟೆ. ಇನ್ನೊಂದು ಸಾಲು ಕೇಳಿದ್ರೆ ಊರಿಗೆಲ್ಲ ಕೇಳೋ ಹಾಗೆ ಅತ್ತುಬಿಡ್ತಿದ್ದೆ."

ಒಡೆಸಾ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ಇಷ್ಟು ತಿಂಗಳು ಇವನನ್ನ ಶಪಿಸಿದೆನಲ್ಲ!

"ಈಗ? ಹೋದ್ರಾ ಅವರ ಮನೆಗೆ?"

"ಹೋದೆ. ನಿನ್ನ ರೆಕಾರ್ಡ್ ಹಿಡ್ಕೊಂಡೇ ಹೋದೆ. ಇಬ್ರೂ ಕೂತು ಪೂರ್ತಿ ಕೇಳಿದ್ವಿ. ಆಮೇಲೆ ಆಕೆ ನಂಗೆ ಊಟ ಬಡಿಸಿದ್ರು." ಅವನ ಕಣ್ಣು ತುಂಬಿತು. "ನಿನ್ನ ಹಾಡು ಸಾಯೋಕೆ ಬಿಟ್ಟಿದ್ದು ನಾನು. ಅದಕ್ಕೇ ಮನೆ ಮನೆಗೆ ಹೊತ್ಕೊಂಡು ತಿರುಗಿದೆ."

"ನನ್ನ ಮನೆಗೆ ಯಾಕೆ ಬರ್ಲಿಲ್ಲ ಮತ್ತೆ?"

"ಬಂದಿದ್ದೆ. ಮೆಟ್ಟಿಲ ತನಕ. ಮೈಕ್ ಮುಂದೆ ಊರಿಗೆಲ್ಲ ಮಾತಾಡ್ತೀನಿ... ನಿನ್ನ ಮುಂದೆ ನಿಂತ್ರೆ ನಾಲಿಗೆ ಒಣಗುತ್ತೆ. ಮೊದಲ್ನೇ ದಿನವೇ ಒಣಗಿತ್ತು."

ಒಡೆಸಾ ಕಣ್ಣೊರೆಸಿಕೊಂಡು ನಕ್ಕಳು. ಎಷ್ಟು ದಿನವಾಗಿತ್ತೋ ನಕ್ಕು!

ಅವನ ಕಣ್ಣು ಈಗ ಅವಳ ಚೀಲದ ಮೇಲೆ ಬಿತ್ತು. ಮುಖ ಬಾಡಿತು. "ಊರು ಬಿಟ್ಟು ಹೊರಟಿದ್ದೀಯಾ?"

"ಮಧ್ಯಾಹ್ನದ ಬಸ್ಸಿಗೆ. ಕ್ಲೀವ್‌ಲ್ಯಾಂಡ್."

ಅವನು ತಲೆಯಾಡಿಸಿದ. ಸುಮ್ಮನೆ ಅವಳ ಚೀಲ ಎತ್ತಿಕೊಂಡು, ಬಸ್ ನಿಲ್ದಾಣದ ಕಡೆ ನಡೆಯಲು ಸಿದ್ಧನಾದ.

"ಅಯ್ಯೋ, ಇದೇನು ಮಾಡ್ತಿದ್ದೀಯ ಮಾರಾಯ?"

"ಭಾರ ಇದೆಯಲ್ಲ... ಬಿಟ್ಟುಬರ್ತೀನಿ."

"ಬೇರೆ ಏನೂ ಹೇಳೋದಿಲ್ವಾ?"

ಅವನು ನಿಂತ. ಒಡೆಸಾ ಹತ್ತಿರ ಬಂದು, ಮಣ್ಣು ಮೆತ್ತಿದ ಅವನ ಕೈ ಹಿಡಿದಳು.

"ಹೋಗ್ಬೇಡ," ಎಂದ ಅವನು. ದನಿ ಪಿಸುಗುಟ್ಟುವಷ್ಟು ಸಣ್ಣದಾಗಿತ್ತು.

"ಇನ್ನೊಂದ್ಸಲ ಹೇಳು."

"ಹೋಗ್ಬೇಡ, ಒಡೆಸಾ. ನೀನಿಲ್ದೆ ನಂಗೆ ಆಗಲ್ಲ."

"ಹೂಂ," ಎಂದಳು ಅವಳು, ಅವನ ಹೆಗಲಿಗೆ ಹಣೆ ಆನಿಸಿ. "ಚೀಲ ಕೆಳಗಿಡು. ಮೊದ್ಲು ನಮ್ಮಮ್ಮನ್ನ ನೋಡೋಣ ಬಾ."