ಆರು ನಿಮಿಷ ಎದ್ದು ಹೋಗಬ್ಯಾಡ್ರಿ!

"ಮುಟ್ಟಬ್ಯಾಡ್ರಿ!"

ರೂಪಶ್ರೀ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚೆಂಡು ಹೂವಿನ ಹಾರ ಜಾರಿ ಅವಳ ಕಾಲ ಮೇಲೇ ಬಿತ್ತು.

ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಯಾರೋ ಅಪರಿಚಿತ ನಿಂತಿದ್ದ. ಬರಿಗಾಲು, ಅಂಗಿಯ ಜೇಬಿನಲ್ಲಿ ಒಂದು ಫ್ಲಾಪಿ, ಕೈಯಲ್ಲಿ ಸ್ಕ್ರೂಡ್ರೈವರಿನ ಚೀಲ. ಕೂಗಿದ್ದಕ್ಕೆ ಅವನೇ ಅವಳಿಗಿಂತ ಹೆಚ್ಚು ಗಾಬರಿಯಾದಂತೆ ಕಾಣುತ್ತಿದ್ದ.

"ಯಾರ್ರಿ ನೀವು? ಹಿಂಗಾ ಕೂಗೋದು? ಎದೆ ಧಸಕ್ ಅಂತು ನಂದು!"

"ತಪ್ಪಾತ್ರಿ... ಆ ಹಾರ ಹಾಕಿದ್ರೆ ಸರ್ವರ್ ಫ್ಯಾನಿಗೆ ಅಡ್ಡ ಆಗ್ತಿತ್ತು. ಎಸಳು ಒಳಗೆ ಹೋದ್ರೆ ಕಷ್ಟ ಐತ್ರಿ. ನಾನು ನಾಗಭೂಷಣ್, ಸರ್ವೀಸ್ ಎಂಜಿನಿಯರ್. ದಾವಣಗೆರೆಯಿಂದ ಬಂದೀನಿ."

ರೂಪಶ್ರೀ ಹಾರ ಎತ್ತಿಕೊಂಡಳು. ಬೈಯಬೇಕು ಅಂದುಕೊಂಡಿದ್ದ ಮಾತೆಲ್ಲ ಮರೆತೇ ಹೋಗಿತ್ತು. ಅಷ್ಟು ಜೋರಾಗಿ ಕೂಗಿದವನು ಈಗ ಇಷ್ಟು ಮೆತ್ತಗೆ ನಿಂತರೆ ಯಾರಾದರೂ ಏನು ಬೈದಾರು?

ಅದು ತೊಂಬತ್ತೊಂಬತ್ತರ ಆಯುಧ ಪೂಜೆ. ಹರಿಹರದ ಆ ನೂಲಿನ ಮಿಲ್ಲು ವರ್ಷಕ್ಕೊಮ್ಮೆ ಪೂರ್ತಿ ನಿಲ್ಲುತ್ತಿದ್ದದ್ದು ಆ ದಿನ ಮಾತ್ರ. ಹಾಗಾಗಿಯೇ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ರೂಪಶ್ರೀ ಸರ್ವರ್ ಕೆಲಸಕ್ಕೆ ಅದೇ ದಿನವನ್ನು ಆರಿಸಿದ್ದಳು. ಇನ್ನೆರಡೂವರೆ ತಿಂಗಳಿಗೆ ಇಸವಿ ಎರಡು ಸಾವಿರ! ಆ ಇಸವಿ ಗೊತ್ತಾಗದೆ ಯಂತ್ರ ತಡಬಡಾಯಿಸಿದರೆ ಆರುನೂರು ಕಾರ್ಮಿಕರ ಸರ್ವೀಸ್ ದಾಖಲೆ ಎಲ್ಲ ಅಸ್ತವ್ಯಸ್ತ.

ನಾಗಭೂಷಣ್ ಫ್ಲಾಪಿ ಹಾಕಿ ಕುರ್ಚಿ ಎಳೆದುಕೊಂಡ.

"ನೋಡ್ರಿ, ಸ್ವಿಚ್ ಹಾಕಿದ ತಕ್ಷಣ ಹೆಂಗೆ ಎದ್ದೇಳಬೇಕು ಅನ್ನೋದನ್ನ ಸರ್ವರಿನ ಒಂದು ಚಿಪ್ಪಿನೊಳಗೆ ಬರೆದಿರ್ತಾರೆ. ಅದೇ ಫರ್ಮ್‌ವೇರ್. ಹಳೇದು ಅಳಿಸಿ ಹೊಸದು ಬರೀಬೇಕು. ಆರು ನಿಮಿಷ ಬೇಕು. ಆ ಆರು ನಿಮಿಷದಾಗೆ ಕರೆಂಟ್ ಹೋತು ಅಂದ್ರೆ..."

"ಅಂದ್ರೆ?"

"ಹಳೇದೂ ಇಲ್ಲ, ಹೊಸದೂ ಇಲ್ಲ. ಇದು ಮತ್ತೆ ಏಳಲ್ಲ. ಅದಕ್ಕೇ ಯುಪಿಎಸ್ ಮೇಲೆ ಹಾಕೀನಿ. ನೀವೂ ಆರು ನಿಮಿಷ ಎದ್ದು ಹೋಗಬ್ಯಾಡ್ರಿ."

"ನಾನ್ಯಾಕ್ರಿ?"

"ಒಬ್ನೇ ಕೂತ್ರೆ ಭಯ ಆಗ್ತೈತ್ರಿ," ಅಂದ, ನಿಜವಾಗಿಯೂ ಭಯಗೊಂಡವನಂತೆ.

ರೂಪಶ್ರೀಗೆ ನಗು ತಡೆಯಲಾಗಲಿಲ್ಲ. ಪರದೆಯ ಮೇಲೆ ಬಿಳಿ ಗೆರೆ ತೆವಳತೊಡಗಿತು. ಒಂದು ನಿಮಿಷ...

"ಬರೋವಾಗ ಹಿಂದಿನ ರೂಮಿನಾಗೆ ಒಬ್ರು ಯಜಮಾನ್ರು ಯುಪಿಎಸ್ ಒರೆಸ್ತಿದ್ರು. ಮಗೂಗೆ ಸ್ನಾನ ಮಾಡಿಸ್ದಂಗೆ!"

"ನಮ್ಮ ಅಪ್ಪಾಜಿ!" ರೂಪಶ್ರೀಯ ಮುಖ ಅರಳಿತು. "ಮುರುಗೇಶಪ್ಪ ಅಂತ. ಇಲ್ಲೇ ಎಲೆಕ್ಟ್ರಿಷಿಯನ್. ಡಿಸೆಂಬರ್ ಕಡೇಗೆ ರಿಟೈರು. ಮೂವತ್ನಾಲ್ಕು ವರ್ಷ, ಒಂದೇ ಒಂದು ಮೆಮೊ ಇಲ್ಲ ಗೊತ್ತಾ ಅವ್ರ ಮೇಲೆ!"

ಅವನು ಪರದೆ ಬಿಟ್ಟು ಅವಳ ಮುಖವನ್ನೇ ನೋಡಿದ. ಅವಳಿಗೆ ಯಾಕೋ ಕಿವಿ ಬಿಸಿಯಾಯಿತು. 'ಇದೇನಿದು ರೂಪಾ, ರೂಮಿನ ಫ್ಯಾನ್ ನಿಂತುಹೋಗೈತೇನೋ...'

ಅಷ್ಟರಲ್ಲಿ ಮ್ಯಾನೇಜರ್ ತೋಟಪ್ಪನವರಿಂದ ಕರೆ ಬಂತು. ಗೇಟಿನಲ್ಲಿ ಕುಂಬಳಕಾಯಿ ಒಡೆಯುತ್ತಾರೆ, ಆರತಿಗೆ ಹೆಣ್ಣುಮಕ್ಕಳು ಬರಬೇಕಂತೆ.

"ಎರಡೇ ನಿಮಿಷ ಬಂದೆ!" ಎಂದು ಎದ್ದು ಓಡಿದಳು.

ಗೇಟಿನಲ್ಲಿ ಎಲ್ಲರೂ ಸೇರಿದ್ದರು. ಮುರುಗೇಶಪ್ಪನವರು ವಿಭೂತಿಯ ತಟ್ಟೆ ಹಿಡಿದು ಎಲ್ಲರಿಗಿಂತ ಕೊನೆಗೆ ಬಂದು ನಿಂತರು. ಕಾಯಿ ಒಡೆಯಿತು. ರೂಪಶ್ರೀ ಆರತಿ ಎತ್ತಿ, ಪ್ರಸಾದಕ್ಕೂ ಕಾಯದೆ ವಾಪಸ್ ಓಡಿಬಂದಳು.

ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು.

ಪರದೆ ಕಪ್ಪಾಗಿತ್ತು!

ಕುರ್ಚಿ ಖಾಲಿ. ಮರುಕ್ಷಣ ನಾಗಭೂಷಣ್ ಹಿಂದಿನ ಬಾಗಿಲಿನಿಂದ ಒಳಗೆ ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಕರ್ಚೀಫಿನ ತುಂಬ ಬಿಳಿ ಧೂಳು.

"ಏನಾಯ್ತ್ರಿ? ಏನಾಯ್ತು ಹೇಳ್ರಿ!"

"ಹೋತ್ರಿ," ಅಂದ. "ತಪ್ಪು ನಂದು. ಕೇಬಲ್ಲಿಗೆ ನನ್ ಕಾಲು ತಾಗ್ತು."

ರೂಪಶ್ರೀ ದಂಗಾಗಿ ನಿಂತಳು. ಸ್ವಿಚ್ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಫ್ಯಾನ್ ತಿರುಗಿತು, ಅಷ್ಟೇ. ಯಂತ್ರ ಏಳಲಿಲ್ಲ. ಆರುನೂರು ಜನರ ದಾಖಲೆ ಆ ಡಬ್ಬಿಯೊಳಗೇ ಬೀಗ ಬಿದ್ದಂತಾಗಿತ್ತು.

"ಆರೇ ಆರು ನಿಮಿಷ ಕಾಲು ಅಲ್ಲಾಡಿಸ್ದೆ ಕೂರಕ್ಕೆ ಆಗ್ಲಿಲ್ವೇನ್ರಿ ನಿಮ್ಗೆ? ನಂಗೆ ಉಪದೇಶ ಬೇರೆ! ಎದ್ದು ಹೋಗಬ್ಯಾಡ್ರಿ ಅಂತ!"

ಅವಳು ಅಲ್ಲೇ ಕೂತು ದೂರು ಬರೆದಳು. 'ಎಂಜಿನಿಯರರ ಬೇಜವಾಬ್ದಾರಿಯಿಂದ...' ಓದಿ ನೋಡ್ರಿ ಎಂದು ಮುಂದೆ ಹಿಡಿದರೆ ಆ ಮನುಷ್ಯ ಓದದೆಯೇ ಕೆಳಗೆ ಸಹಿ ಹಾಕಿ ಹೊರಟುಹೋದ! ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಮರುದಿನವೇ ಅವನ ಕಂಪನಿಯಿಂದ ಫೋನ್ ಬಂತು. ನಾಗಭೂಷಣನನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದ್ದಾರೆ, ಕೆಲಸ ಉಳಿಯುವುದು ಕಷ್ಟ. ಹೊಸ ಬೋರ್ಡು ಹೊರದೇಶದಿಂದ ಬರಬೇಕು, ಎರಡು ತಿಂಗಳು. ಫೋನ್ ಇಟ್ಟ ಮೇಲೆ ರೂಪಶ್ರೀಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. 'ಒಬ್ನೇ ಕೂತ್ರೆ ಭಯ ಆಗ್ತೈತ್ರಿ' ಎಂದ ಆ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಬೈದಷ್ಟೂ ಬರುತ್ತಿತ್ತು!

ಮೂರನೇ ದಿನ ಸಂಜೆ, ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಅಪ್ಪ ಮಗಳು ಊಟಕ್ಕೆ ಕೂತಿದ್ದರು.

ಈ ಅಪ್ಪ ಮಗಳ ಪದ್ಧತಿಯೇ ವಿಚಿತ್ರ. ದಿನಾ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹರಿಹರಕ್ಕೆ ಹೋಗುವವರು, ಮಿಲ್ಲಿನ ಗೇಟು ದಾಟಿದರೆ ಮಾತಿಲ್ಲ. ಮಗಳಿಗೆ ಅಪ್ಪನ ಶಿಫಾರಸು ಎಂದು ಯಾರೂ ಅನ್ನಬಾರದಲ್ಲ! ಮಿಲ್ಲಿನ ವಿಷಯ ಏನಿದ್ದರೂ ಕಾಗದದಲ್ಲಿ, ಮ್ಯಾನೇಜರ್ ಸಹಿಯೊಂದಿಗೆ. ಮನೆಯಲ್ಲಿ ಆ ಮಾತು ತೆಗೆಯುವಂತಿಲ್ಲ.

ಆ ಸಂಜೆ ಮಾತ್ರ ರೂಪಶ್ರೀಯ ತಾಯಿ ಗುರುಶಾಂತಮ್ಮನವರು ರೊಟ್ಟಿ ಬಡಿಸುತ್ತ ಕೇಳಿಯೇಬಿಟ್ಟರು. "ಯಾಕವ್ವಾ, ಮೂರು ದಿನದಿಂದ ಮುಖ ಹಿಂಗೈತೆ?"

ರೂಪಶ್ರೀ ತಡೆಯಲಾಗದೆ ಎಲ್ಲ ಹೇಳಿದಳು. ಕುಂಬಳಕಾಯಿ ಒಡೆಯುವ ಹೊತ್ತಿಗೇ ಆ ಮನುಷ್ಯ ಕೇಬಲ್ ಒದ್ದದ್ದು, ಸರ್ವರ್ ಸತ್ತದ್ದು...

ಮುರುಗೇಶಪ್ಪನವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ಕಾಯಿ ಒಡೆಯೋ ಹೊತ್ತಿಗಾ?"

"ಹೂಂ ಅಪ್ಪಾಜಿ."

"ಆ ಹೊತ್ತಿಗೆ ಯುಪಿಎಸ್ ಆರ್ಸಿದ್ದು ನಾನು, ರೂಪಾ."

"ಏನಂದ್ರಿ?!"

"ವರ್ಷಾ ಮಾಡೋದೇ ಅಲ್ವಾ! ಓಡೋ ಮಶೀನಿಗೆ ಪೂಜೆ ಮಾಡಂಗಿಲ್ಲ. ಕಡೇಗೆ ಯುಪಿಎಸ್ ಆರ್ಸಿ, ಮೂರು ಬೊಟ್ಟು ವಿಭೂತಿ ಎಳೆದು ಗೇಟಿಗೆ ಬಂದೆ. ಒಳಗೆ ಕೆಲ್ಸ ನಡೀತೈತೆ ಅಂತ ಯಾರ್ ಹೇಳಿದ್ರು ನಂಗೆ? ಮಾರನೇ ದಿನ ಹೋದ್ರೆ ಯುಪಿಎಸ್ ಆನ್ ಆಗಿತ್ತು. ನೀನೇ ಹಾಕಿರ್ಬೇಕು ಅನ್ಕಂಡೆ. ವಿಭೂತಿ ಯಾರೋ ಒರೆಸಿಬಿಟ್ಟಿದ್ರು ನೋಡು, ಅದೊಂದು ಬೇಜಾರಾತು."

ರೂಪಶ್ರೀಗೆ ಕೂತ ನೆಲವೇ ಕುಸಿದಂತಾಯಿತು.

ಕರ್ಚೀಫ್! ಅದು ಧೂಳಲ್ಲ... ವಿಭೂತಿ! ಅವನು ಅಲ್ಲಿ ಹೋಗಿ ನೋಡಿದ್ದಾನೆ. ಯಾರ ಕೈ ಎಂದು ಗೊತ್ತಾಗಿದೆ. ಒರೆಸಿ, ಸ್ವಿಚ್ ಹಾಕಿ, ಬಂದು ತನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದಾನೆ!

ಇನ್ನೊಂದು ಪೆಟ್ಟು ಅದರ ಹಿಂದೆಯೇ ಬಂತು. ಯುಪಿಎಸ್ ಆರಿಸಬಾರದು ಎಂದು ಅವಳು ಮೆಮೊ ಬರೆದು ಮ್ಯಾನೇಜರ್ ಟೇಬಲ್ಲಿಗೆ ಕಳಿಸಿದ್ದಳು. ಆ ಬೆಳಿಗ್ಗೆ ಬಸ್ಸಿನಲ್ಲಿ ಅಪ್ಪನ ಭುಜಕ್ಕೆ ಭುಜ ತಾಗಿಸಿ ಕೂತಿದ್ದವಳು ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ.

"ಅಪ್ಪಾಜಿ, ತಪ್ಪು ನಂದು..." ಅವಳು ಬಿಕ್ಕಿದಳು. "ನಿಮ್ ಹೆಸ್ರು ಉಳೀಲಿ ಅಂತ ಅವ್ರು ಕೆಲ್ಸ ಕಳ್ಕಂತಿದ್ದಾರೆ. ದೂರು ನಾನೇ ಬರೆದು ಕೊಟ್ಟೀನಿ!"

ಮುರುಗೇಶಪ್ಪನವರು ಕೈ ತೊಳೆದರು. "ನಾಳೆ ಬೆಳಿಗ್ಗೆ ಇಬ್ರೂ ತೋಟಪ್ಪನೋರ ಮುಂದೆ ನಿಲ್ಲಾನ. ಇನ್ನೊಬ್ರ ಮಗನ ಅನ್ನ ಕಿತ್ಕಂಡು ನಂಗೆ ಒಳ್ಳೇ ಹೆಸ್ರು ಬ್ಯಾಡ."

ಬೆಳಿಗ್ಗೆ ತೋಟಪ್ಪನವರು ಎಲ್ಲ ಕೇಳಿ ಬಾಯಿ ತೆರೆದು ಕೂತರು. ಆಮೇಲೆ ಮೆಲ್ಲಗೆ ತಮ್ಮ ಟೇಬಲ್ಲಿನ ಕಾಗದದ ರಾಶಿ ಕೆದಕಿದರು. ತಳದಲ್ಲಿ ರೂಪಶ್ರೀಯ ಮೆಮೊ ಇತ್ತು, ಸಹಿಯಾಗದೆ!

"ಮುರುಗೇಶಪ್ಪ," ಅಂದರು ಗಂಟಲು ಸರಿಮಾಡಿಕೊಂಡು, "ನಿಮ್ಗೆ ಮೆಮೊ ಕೊಡ್ಬೇಕಂದ್ರೆ ಮೊದ್ಲು ನಂಗೆ ನಾನೇ ಒಂದು ಕೊಡ್ಕಬೇಕಾಗ್ತದೆ. ಬಿಟ್ಟಾಕ್ರಿ. ಆ ದೂರು ನಾನು ಇವತ್ತೇ ವಾಪಸ್ ತಗಂತೀನಿ. ಹೋಗಮ್ಮಾ, ಆ ಹುಡುಗನ್ನ ಕರ್ಕಂಡ್ ಬಾ."

ರೂಪಶ್ರೀ ದಾವಣಗೆರೆಯ ಆನೆಕೊಂಡದಲ್ಲಿ ಅವನ ಮನೆ ಹುಡುಕಿಕೊಂಡು ಹೋದಾಗ ನಾಗಭೂಷಣ್ ಹೊರಗಟ್ಟೆಯ ಮೇಲೆ ಅಕ್ಕಪಕ್ಕದವರ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ನೋಡಿ ಧಡಕ್ಕನೆ ಎದ್ದ. ಸ್ಕ್ರೂಗಳೆಲ್ಲ ಅಂಗಳದ ತುಂಬ ಚೆಲ್ಲಿದವು.

"ಯಾಕ್ ಸುಳ್ಳು ಹೇಳಿದ್ರಿ?" ಅವಳು ಬಂದವಳೇ ಕೇಳಿದಳು. "ನನ್ ಕೈಲಿ ಸುಳ್ಳು ಬರೆಸಿದ್ರಲ್ಲ! ಯಾಕೆ?"

ಅವನು ಬಗ್ಗಿ ಒಂದು ಸ್ಕ್ರೂ ಎತ್ತಿಕೊಂಡ.

"ಮೂವತ್ನಾಲ್ಕು ವರ್ಷ ಅಂದಾಗ ನಿಮ್ ಮುಖ ನೋಡಿದ್ದೆ... ನಂಗೆ ಇನ್ನೊಂದು ಕೆಲ್ಸ ಸಿಗ್ತೈತೆ. ಅವ್ರಿಗೆ ಇನ್ನೊಂದು ಮೂವತ್ನಾಲ್ಕು ವರ್ಷ ಎಲ್ಲಿ ಸಿಗ್ತೈತೆ ಹೇಳ್ರಿ?"

ರೂಪಶ್ರೀ ಅಂಗಳದಲ್ಲೇ ನಿಂತು ಅತ್ತಳು. ಒಳಗಿನಿಂದ ಅವನ ತಾಯಿ ನೀಲಕ್ಕ ಬಂದು, ಯಾರು ಎತ್ತ ಎಂದು ಕೇಳದೆ, ಒಂದು ಲೋಟ ನೀರು ಕೊಟ್ಟರು.

"ಕೂಡವ್ವಾ. ಇವ್ನು ಅಳಿಸಿದ್ನಾ?"

"ಇಲ್ರಿ... ನಾನೇ ಇವ್ರಿಗೆ ಅಳು ಬರ್ಸೋ ಕೆಲ್ಸ ಮಾಡೀನಿ," ಎಂದು ಅವಳು ಕಣ್ಣೊರೆಸಿಕೊಂಡಳು.

"ಅಳೋದು ಬ್ಯಾಡ. ಒಂದು ದಾರಿ ಐತೆ," ಅಂದ ನಾಗಭೂಷಣ್. "ಹೇಳಿದ್ರೆ ಹೆದರ್ತೀರಿ."

ನಿಜಕ್ಕೂ ಹೆದರುವ ದಾರಿಯೇ! ಮಿಲ್ಲಿನವರು ಒಂದೇ ದಿನ ಕೊಂಡ ಎರಡನೇ ಸರ್ವರ್, ಅವಳಿ ಯಂತ್ರ, ದಾವಣಗೆರೆಯ ಅವರದೇ ಮಾರಾಟ ಕಚೇರಿಯಲ್ಲಿತ್ತು. ಅದನ್ನು ಚಾಲೂ ಮಾಡಿ, ಓಡುತ್ತಿರುವಾಗಲೇ ಅದರ ಚಿಪ್ಪು ಕಿತ್ತು, ಆ ಜಾಗದಲ್ಲಿ ಸತ್ತ ಚಿಪ್ಪು ಕೂರಿಸಿ ಹೊಸದಾಗಿ ಬರೆಯಬೇಕು. ಒಮ್ಮೆ ಎದ್ದ ಯಂತ್ರಕ್ಕೆ ಆ ಚಿಪ್ಪಿನ ಹಂಗಿಲ್ಲವಂತೆ. ಕೈ ಒಂದು ಎಳೆ ತಪ್ಪಿದರೆ ಎರಡೂ ಯಂತ್ರ ಹೋದಂತೆ.

ತೋಟಪ್ಪನವರು ಕಣ್ಣು ಮುಚ್ಚಿ ಒಪ್ಪಿಗೆ ಕೊಟ್ಟರು. ಮಧ್ಯಾಹ್ನ ಆ ಕಚೇರಿಯ ಯುಪಿಎಸ್ ಮುಂದೆ ಮುರುಗೇಶಪ್ಪನವರು ಸ್ಟೂಲ್ ಹಾಕಿಕೊಂಡು ಕೂತರು. "ಇವತ್ತು ಸಾಕ್ಷಾತ್ ಶಿವನೇ ಬಂದ್ರೂ ಈ ಸ್ವಿಚ್ ಮುಟ್ಟಕ್ಕೆ ಬಿಡಲ್ಲ!"

ಒಳಗೆ ರೂಪಶ್ರೀ ಟಾರ್ಚು ಹಿಡಿದಳು. ನಾಗಭೂಷಣ್ ಉಸಿರು ಬಿಗಿಹಿಡಿದು, ಓಡುವ ಯಂತ್ರದಿಂದ ಚಿಪ್ಪು ಕಿತ್ತ!

ಯಂತ್ರ ನಿಲ್ಲಲಿಲ್ಲ. ಅವಳಿಗೆ ನಂಬಿಕೆಯೇ ಬರಲಿಲ್ಲ. ಅವನು ಮಿಲ್ಲಿನಿಂದ ತಂದ ಸತ್ತ ಚಿಪ್ಪನ್ನು ಕೂರಿಸಿ ಕೀಲಿ ಒತ್ತಿದ. ಬಿಳಿ ಗೆರೆ ತೆವಳಿತು.

"ಆರು ನಿಮಿಷ ಎದ್ದು ಹೋಗಬ್ಯಾಡ್ರಿ," ಅಂದ ಮೆಲ್ಲಗೆ.

"ಹೋಗಲ್ಲ." ಅವಳೂ ಪರದೆಯನ್ನೇ ನೋಡುತ್ತಿದ್ದಳು. "ಮೂರು ದಿನ ನಿಮ್ಮನ್ನ ಬೈದೆ. ಒಂದು ದಿನಾನೂ ಮರೆಯಕ್ಕೆ ಆಗ್ಲಿಲ್ಲ."

"ಈಗ ಅದೆಲ್ಲ ಹೇಳಬ್ಯಾಡ್ರಿ... ಕೈ ನಡುಗ್ತೈತೆ."

ಮೂರು ನಿಮಿಷ. ನಾಲ್ಕು. ಹೋದ ಸಲ ಸತ್ತದ್ದು ಇಲ್ಲೇ. ಇಬ್ಬರೂ ಉಸಿರಾಡಲಿಲ್ಲ. ಐದು...

"ರೂಪಶ್ರೀ ಅವ್ರೇ, ಇದು ಎದ್ರೆ... ನಮ್ಮವ್ವನ್ನ ನಿಮ್ಮನೀಗೆ ಕರ್ಕಂಡು ಬರ್ಲಾ? ಕೇಳಕ್ಕೆ?"

ಟಾರ್ಚು ಅವಳ ಕೈಯಿಂದ ಜಾರಿತು! ಅವಳು ಬಾಯಿ ತೆರೆಯುವಷ್ಟರಲ್ಲಿ ಗೆರೆ ತುಂಬಿತು. ಬರೆದು ಮುಗಿದಿತ್ತು.

ಮೊದಲು ಕಿತ್ತಿದ್ದ ಚಿಪ್ಪು ತನ್ನ ಜಾಗಕ್ಕೆ ಮರಳಿತು. ದಾವಣಗೆರೆಯ ಯಂತ್ರ ಎದ್ದಿತು. ಹೊಸದಾಗಿ ಬರೆದ ಚಿಪ್ಪು ಹಿಡಿದು ಮೂವರೂ ಮಿಲ್ಲಿನ ಜೀಪಿನಲ್ಲಿ ಹರಿಹರಕ್ಕೆ ಬಂದರು. ಮಿಲ್ಲಿನ ಕಂಪ್ಯೂಟರ್ ರೂಮಿನಲ್ಲಿ ನಾಗಭೂಷಣ್ ಚಿಪ್ಪು ಕೂರಿಸಿ ಸ್ವಿಚ್ ಹಾಕಿದ.

ಫ್ಯಾನ್ ತಿರುಗಿತು. ಕಪ್ಪು ಪರದೆ... ಕಪ್ಪು... ಕಪ್ಪೇ...

ಬೀಪ್!

ರೂಪಶ್ರೀ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು. ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಓಡುತ್ತಿದ್ದವು.

ಮುರುಗೇಶಪ್ಪನವರು ವಿಭೂತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಈಗ ಹಚ್ಚಬೋದೇನಪ್ಪಾ?"

"ಹಚ್ರಿ ಯಜಮಾನ್ರೇ. ಫ್ಯಾನ್ ಒಂದು ಬಿಟ್ಟು."

ಅವರು ಸರ್ವರಿಗೆ ಮೂರು ಬೊಟ್ಟು ಎಳೆದರು. ಆಮೇಲೆ ಅದೇ ಬೆರಳುಗಳನ್ನು ನಾಗಭೂಷಣನ ಹಣೆಯ ಮೇಲೆ ಎಳೆದರು. ಅವನು ಕಲ್ಲಿನಂತೆ ನಿಂತುಬಿಟ್ಟ.

"ಅವತ್ತು ನನ್ನ ಸಲುವಾಗಿ ಒರೆಸಿದ್ದಿ. ಇವತ್ತು ಒರೆಸಬ್ಯಾಡ." ಮಗಳತ್ತ ತಿರುಗಿದರು. "ನಾನು ಗೇಟಿನತ್ರ ಇರ್ತೀನಿ. ಹೇಳೋದು ಏನಾರ ಇದ್ರೆ ಮೆಮೊ ಬರೀಬ್ಯಾಡ ತಾಯಿ. ಬಾಯಲ್ಲೇ ಹೇಳು."

ಅವರ ಹೆಜ್ಜೆ ಸದ್ದು ದೂರವಾಯಿತು. ನಾಗಭೂಷಣ್ ಹಣೆ ಮುಟ್ಟಿಕೊಳ್ಳಲೂ ಹೆದರಿ ನಿಂತಿದ್ದ.

"ಆರು ನಿಮಿಷ ಯಾವಾಗ್ಲೋ ಆತು," ಅಂದ ಕೊನೆಗೆ. "ನೀವಿನ್ನು ಎದ್ದು ಹೋಗಬೋದ್ರಿ."

"ಹೋಗಲ್ಲ ಅಂದೆನಲ್ಲ." ರೂಪಶ್ರೀ ತಲೆ ಎತ್ತಿ ಅವನನ್ನು ನೋಡಿದಳು. ಕಣ್ಣು ತುಂಬಿದ್ದವು. "ನಿಮ್ಮವ್ವನ್ನ ಯಾವತ್ತು ಕರ್ಕಂಡು ಬರ್ತೀರಿ, ಅದನ್ನ ಹೇಳ್ರಿ."