ರಟ್ಟಿನ ಕೆಳಗಿನ ಹುಲ್ಲು

ಮೂರನೆಯ ಗುಂಡಿಯಲ್ಲಿ ಗುದ್ದಲಿಗೆ ಬೂಟು ಸಿಕ್ಕಿತು.

ಹಳೆಯ ಕಸವಿರಬೇಕೆಂದು ಮಾಲಿ ಎಳೆದ. ಬರಲಿಲ್ಲ. ಬೂಟಿನೊಳಗೆ ಕಾಲಿತ್ತು.

ಅವನು ಗುದ್ದಲಿ ಬಿಟ್ಟು ಹಿಂದೆ ಸರಿದ. ಅಡುಗೆಮನೆಯ ಕಿಟಕಿಯಲ್ಲಿ ಲೋಟ ತೊಳೆಯುತ್ತಿದ್ದ ಟೀಚರಮ್ಮ ಅವನನ್ನೇ ನೋಡುತ್ತ ನಿಂತಿದ್ದರು. ನಲ್ಲಿ ಸುರಿಯುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹಿತ್ತಲ ತುಂಬ ಪೊಲೀಸರು. ಸತ್ತವರು ಟೀಚರಮ್ಮನ ಗಂಡ. ಬೀದಿಯವರ ಬಾಯಲ್ಲಿ ಕತ್ತರಿ ಸಾಹೇಬರು. ಮೂವತ್ತು ವರ್ಷ ಹಿತ್ತಲಿನ ಹುಲ್ಲುಹಾಸನ್ನು ಮಂಡಿಯೂರಿ ಕತ್ತರಿಯಲ್ಲಿ ಸಮ ಮಾಡಿದವರು. ಅದರ ಮೇಲೆ ಯಾರನ್ನೂ ಕಾಲಿಡಲು ಬಿಟ್ಟವರಲ್ಲ. ಈಚೆಗೆ ಕಣ್ಣಿನ ಆಪರೇಷನ್ ಆಗಿ, ಕೆಲವು ವಾರ ಬಗ್ಗಲೇಬಾರದೆಂದು ಡಾಕ್ಟರ್ ಹೇಳಿದ್ದರು. ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಿತು. ಅದೇ ಸಮಯ ನೋಡಿ ಟೀಚರಮ್ಮ ಮಾಲಿಯನ್ನು ಕರೆಸಿದ್ದರು. ಹುಲ್ಲು ಹೋಗಬೇಕು, ಐದು ಗಿಡ, ನಾಲ್ಕು ಹೂವಿನ ಪಾತಿ ಬರಬೇಕು. ಮನೆ ಟೀಚರಮ್ಮನ ತಂದೆಯದು, ಗಂಡನ ಮಾತು ನಡೆಯಲಿಲ್ಲ.

ಮಾಲಿ ಹುಲ್ಲನ್ನು ಅಗೆದು ತೆಗೆಯುವವನಲ್ಲ. ಅದರ ಮೇಲೆ ಒದ್ದೆ ರಟ್ಟು ಹೊದಿಸಿ, ಗೊಬ್ಬರ ಹಾಕಿ, ಮರದ ಚಕ್ಕೆ ಹರಡುತ್ತಾನೆ. ಬೆಳಕಿಲ್ಲದೆ ಹುಲ್ಲು ತಾನೇ ಸಾಯುತ್ತದೆ. ಐದು ವಾರ ಬಿಟ್ಟು ಗುಂಡಿ ತೋಡುತ್ತಾನೆ.

"ರಟ್ಟು ಹೊದಿಸಿದ ದಿನ ಭಾವ ಇವನ ಕಾಲರ್ ಹಿಡಿದಿದ್ರು ಸಾರ್," ಎಂದ ಟೀಚರಮ್ಮನ ತಮ್ಮ. ಚಪ್ಪಲಿ ಅಂಗಡಿಯವನು, ರಟ್ಟಿನ ಪೆಟ್ಟಿಗೆಗಳನ್ನು ತಂದುಕೊಟ್ಟವನೂ ಅವನೇ. "ನನ್ನ ಹೆಣ ಬಿದ್ದಮೇಲೆ ಈ ಹುಲ್ಲು ಮುಟ್ಟು ಅಂದ್ರು. ಇವನು ಏನಂದ ಕೇಳಿ."

"ಏನಂದೆ?" ಇನ್ಸ್‌ಪೆಕ್ಟರ್ ತಿರುಗಿದರು.

ಮಾಲಿ ತಲೆ ತಗ್ಗಿಸಿದ. "ಹಾಗೇ ಆಗಲಿ ಅಂದೆ ಸಾರ್. ತಮಾಷೆಗೆ."

"ಚೆನ್ನಾಗಿದೆ ತಮಾಷೆ. ಆಮೇಲೆ?"

"ಸಂಜೆ ಕೆಲಸ ಮುಗಿಸಿ ಹೋದೆ. ಮಾರನೇ ದಿನ ಮೊದಲ ಬಸ್ಸಿಗೆ ಮಗಳ ಊರಿಗೆ. ಅವಳಿಗೆ ಹೆರಿಗೆ ಇತ್ತು. ನಿನ್ನೆ ವಾಪಸ್ ಬಂದೆ."

"ಕೊಂದು ಓಡಿಹೋದ ಅನ್ನಿ," ಎಂದ ತಮ್ಮ.

"ಕೊಂದವನು ಹೆಣ ಹೂತ ಜಾಗಾನೇ ಅಗೀತಾನಾ?" ಎಂದರು ಇನ್ಸ್‌ಪೆಕ್ಟರ್.

"ನಾಟಕ ಸಾರ್. ಇಂಥವರನ್ನ ನಾನು ಅಂಗಡೀಲಿ ದಿನಾ ನೋಡ್ತೀನಿ. ಸವೆದ ಚಪ್ಪಲಿ ತಂದು, ನಿನ್ನೆ ತಗೊಂಡಿದ್ದು ಅಂತಾರೆ."

ಟೀಚರಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಇನ್ನೂ ಲೋಟವಿತ್ತು.

"ಸಾಹೇಬರನ್ನ ಕೊನೇ ಸಲ ಯಾವಾಗ ನೋಡಿದ್ರಿ ಅಮ್ಮಾ?"

"ಆವತ್ತೇ ಸಂಜೆ. ಹಿತ್ತಲಲ್ಲಿ ಇವನ ಜೊತೆ ಕೂಗಾಡ್ತಿದ್ರು. ಆಮೇಲೆ ಕಾಣಲಿಲ್ಲ. ಸಿಟ್ಟಿಗೆ ಮನೆ ಬಿಟ್ಟು ಹೋದ್ರು ಅಂದ್ಕೊಂಡೆ."

"ತಮ್ಮನಿಗೆ ಯಾವಾಗ ಹೇಳಿದ್ರಿ?"

"ಎರಡು ವಾರ ಕಾದು... ಫೋನ್ ಮಾಡಿದೆ."

ಶವ ನೋಡಿದ ಡಾಕ್ಟರ್ ಕೈ ಒರೆಸಿಕೊಂಡರು. ತಲೆಯ ಹಿಂದೆ ಭಾರವಾದ ಏಟು. "ಮೂರು ವಾರವೂ ಇರಬಹುದು, ಐದೂ ಇರಬಹುದು. ಇಲ್ಲಿಂದ ಹೇಳೋಕಾಗಲ್ಲ."

ಐದು ವಾರವಾದರೆ ಮಾಲಿ ಈ ಊರಲ್ಲೇ ಇದ್ದ. ಮೂರಾದರೆ ಇರಲಿಲ್ಲ. ಕಾನ್‌ಸ್ಟೇಬಲ್ ಮಾಲಿಗೆ ಹಾಕಲೆಂದು ಬೇಡಿ ತೆಗೆದ.

"ಮೊಮ್ಮಗಳಿಗೆ ಇನ್ನೂ ಹೆಸರಿಟ್ಟಿಲ್ಲ ಸಾರ್," ಎಂದ ಮಾಲಿ, ಯಾರಿಗೂ ಅಲ್ಲವೆಂಬಂತೆ.

ಇನ್ಸ್‌ಪೆಕ್ಟರ್ ಗುಂಡಿಯ ಪಕ್ಕದ ಮಣ್ಣಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆಳಿಗ್ಗೆಯಿಂದ ಎಲ್ಲರೂ ತುಳಿದಾಡಿದ ರಾಶಿ. ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಮಗುಚಿದರು.

"ಈ ಗುಂಡಿ ಇಲ್ಲೇ ತೋಡು ಅಂತ ಯಾರು ಹೇಳಿದ್ದು?"

"ಅಮ್ಮ ಗೂಟ ನೆಟ್ಟಿದ್ದು ಅಲ್ಲಿ ಸಾರ್. ಅದರ ಕೆಳಗೆ ನೀರಿನ ಪೈಪು ಸಿಕ್ತು. ಅವರನ್ನ ಕೇಳದೆ ಒಂದು ಮಾರು ಈಚೆ ತೋಡಿದೆ."

"ಇಲ್ಲಿ ಏನು ಬರಬೇಕಿತ್ತು?"

"ಹೂವಿನ ಪಾತಿ. ಅದಕ್ಕೆ ಗೇಣು ಆಳ ಸಾಕು."

"ರಟ್ಟಿನ ಮೇಲೆ ಟೇಪು ಬಿಡ್ತೀಯಾ?"

ಮಾಲಿಗೆ ಆ ಸ್ಥಿತಿಯಲ್ಲೂ ಅವಮಾನವಾಯಿತು. "ಇಲ್ಲ ಸಾರ್. ಟೇಪು ಕೊಳೆಯಲ್ಲ. ಒಂದೊಂದನ್ನೂ ಉಗುರಲ್ಲಿ ಕಿತ್ತು ಹಾಕ್ತೀನಿ. ಅರ್ಧ ದಿನ ಅದಕ್ಕೇ ಹೋಗತ್ತೆ."

"ಇಲ್ಲಿದ್ದ ರಟ್ಟಿನಲ್ಲಿ ಟೇಪು ಹಾಗೇ ಇದೆ." ಇನ್ಸ್‌ಪೆಕ್ಟರ್ ಎರಡು ಹೆಂಟೆ ಎತ್ತಿ ಮೆಟ್ಟಿಲ ಮೇಲೆ, ಟೀಚರಮ್ಮನ ಪಕ್ಕದಲ್ಲಿಟ್ಟರು. "ಇದು ಮೊದಲನೇ ಗುಂಡಿಯದು. ಹುಲ್ಲು ಉದ್ದ ಇದೆ. ಮಲಗಿದ ಹಾಗೇ ಕೊಳೆತು ಕಪ್ಪಾಗಿದೆ. ಇದು ಸಾಹೇಬರ ಮೇಲಿದ್ದದ್ದು. ಬಿಳಿಚಿದೆ, ಆದರೆ ಕೊಳೆತಿಲ್ಲ. ತುದಿ ನೋಡಿ."

ಅಡಿಪಟ್ಟಿ ಇಟ್ಟು ಕತ್ತರಿಸಿದಂತೆ, ಎಲ್ಲ ತುದಿಗಳೂ ಒಂದೇ ಸಮ.

"ಸಾಯಿಸೋ ಹುಲ್ಲಿಗೆ ಕಟಿಂಗ್ ಮಾಡ್ತೀಯೇನಯ್ಯಾ?"

"ಯಾಕೆ ಮಾಡ್ಲಿ ಸಾರ್? ಇದು... ಇದು ಸಾಹೇಬರ ಕೈ."

"ಹೌದು. ಹೊದಿಸಿದ ದಿನ ಅವರು ಬಗ್ಗೋ ಹಾಗಿರಲಿಲ್ಲ. ಆವತ್ತು ಹಿತ್ತಲ ಹುಲ್ಲೆಲ್ಲ ಉದ್ದ ಬೆಳೆದಿತ್ತು. ಅಂದರೆ ಇದನ್ನ ಕತ್ತರಿಸಿದ್ದು ಆಮೇಲೆ. ನೀನು ಊರು ಬಿಟ್ಟ ಮೇಲೆ ಅವರು ರಟ್ಟು ಕೊಯ್ದು ಒಂದು ಚೌಕ ತೆರೆದಿದ್ದಾರೆ. ಬಿಸಿಲು ಕೊಟ್ಟು, ನೀರು ಹಾಕಿ, ಸಮ ಮಾಡಿ ಸಾಕಿದ್ದಾರೆ. ಆವತ್ತೇ ಸಂಜೆ ಕಾಣೆಯಾದವರು ಇದನ್ನೆಲ್ಲ ಹೇಗೆ ಮಾಡಿದ್ರು ಟೀಚರಮ್ಮಾ?"

ಟೀಚರಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು.

"ಅವರು ಮನೇಲೇ ಇದ್ದರು. ಇದು ಗೊತ್ತಿರಬೇಕಾದವರು ನೀವೊಬ್ಬರೇ. ಹುಲ್ಲಿನ ಹೆಂಟೆ ಎತ್ತಿಟ್ಟು, ಹೂತು, ಮತ್ತೆ ಮೇಲೆ ಕೂರಿಸಿದ್ರಿ. ಹೊಸ ರಟ್ಟು ಹಾಕಿದ್ರಿ. ಟೇಪು ಕೀಳಬೇಕು ಅಂತ ನಿಮಗೆ ಗೊತ್ತಿರಲಿಲ್ಲ."

"ಅಕ್ಕಾ?" ಎಂದ ತಮ್ಮ. ಅವನ ದನಿ ಚಿಕ್ಕದಾಗಿತ್ತು.

ಟೀಚರಮ್ಮ ಲೋಟವನ್ನು ಕೆಳಗಿಟ್ಟರು.

"ಪುಟ್ಟಿ ನೆನಪಿದ್ದಾಳೇನೋ ನಿನಗೆ? ಹುಲ್ಲು ತುಳೀಬೇಡ, ಬೀದೀಲಿ ಆಡ್ಕೋ ಹೋಗು ಅಂತ ನಿನ್ನ ಭಾವ ಕಳಿಸಿದ್ರು. ಐದು ವರ್ಷದ ಸ್ವಂತ ಮಗಳನ್ನ. ಲಾರಿ ಬಂತು." ಅವರು ಸೆರಗಿನ ಅಂಚನ್ನು ಸರಿಮಾಡಿಕೊಂಡರು. "ಆಸ್ಪತ್ರೇಲಿ ಮೂರು ದಿನ ಇದ್ಲು. ಒಂದು ಸಲ ಬಾಗಿಲ ಹತ್ತಿರ ಬಂದು ಹೋದ್ರು, ಅಷ್ಟೆ. ಈ ಹುಲ್ಲಿಗೆ ಎರಡು ವಾರ ಲೋಟದಲ್ಲಿ ನೀರು ತಂದು ಹಾಕಿದ್ರು. ಡಾಕ್ಟರ್ ಬಗ್ಗಬೇಡಿ ಅಂದಿದ್ರೂ ಬಗ್ಗಿದ್ರು. 'ಉಳ್ಕೊಳತ್ತೆ ಕಣೇ, ಇದು ಉಳ್ಕೊಳತ್ತೆ' ಅಂದ್ರು ನನಗೆ. ಸಲಿಕೆ ಗೋಡೆಗೆ ಒರಗಿತ್ತು."

ಕಾನ್‌ಸ್ಟೇಬಲ್ ಬೇಡಿಯನ್ನು ಎತ್ತ ಒಯ್ಯಬೇಕೆಂದು ತಿಳಿಯದೆ ನಿಂತ. ಟೀಚರಮ್ಮ ತಾವೇ ಎದ್ದು ಕೈ ಚಾಚಿದರು.

"ನೀನು ಹೋಗಬಹುದು," ಎಂದರು ಇನ್ಸ್‌ಪೆಕ್ಟರ್, ಮಾಲಿಗೆ.

ಅವನು ಹೋಗಲಿಲ್ಲ. ಬೆಳಿಗ್ಗೆ ಚೀಲ ಬಿಚ್ಚಿಟ್ಟಿದ್ದ ನಿಂಬೆ ಸಸಿಯ ಬೇರು ಬಿಸಿಲಿಗೆ ಒಣಗುತ್ತಿತ್ತು. ಮೆಟ್ಟಿಲ ಮೇಲಿದ್ದ ಲೋಟ ತೆಗೆದುಕೊಂಡು ನಲ್ಲಿಯ ಕಡೆ ನಡೆದವನು, ಅರ್ಧಕ್ಕೇ ನಿಂತ. ಲೋಟವನ್ನು ಇದ್ದಲ್ಲೇ ಇಟ್ಟು ಬಂದು, ಬೊಗಸೆಯಲ್ಲಿ ನೀರು ಹಿಡಿದ.